ಕಾನೂನು ಡಿಪ್ಲೊಮಾ ವ್ಯಾಸಂಗ: ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿ ನಿವಾಸಿಗಳಿಗೆ

ಭಾರತದ ಮೊತ್ತಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಯವರೆಗೆ ಸಂಚರಿಸಿತು. 34 ಕಿಲೋಮೀಟರ್ ಉದ್ದದ ಆ ಹಳಿಯ ಮುಂದುವರಿಕೆಯೇ ಇಂದು ಡೊಂಬಿವಲಿ, ಕಲ್ಯಾಣಗಳ ಲಕ್ಷಾಂತರ ನೌಕರರನ್ನು ಪ್ರತಿದಿನ ಮುಂಬಯಿಗೆ ಒಯ್ದು ಮರಳಿ ತರುತ್ತಿದೆ. ಈ ನೌಕರವರ್ಗದಲ್ಲಿ ಕನ್ನಡಿಗರ ಪಾಲು ಸಣ್ಣದಲ್ಲ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿದವರು, ಬ್ಯಾಂಕು ಹಾಗೂ ವಿಮಾ ಕಚೇರಿಗಳ ಗುಮಾಸ್ತರು, ಕೈಗಾರಿಕಾ ವಸಾಹತುಗಳ ಕಾರ್ಮಿಕರು, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದು ನೆಲೆಸಿದವರು ಇವರಲ್ಲಿ ಸೇರಿದ್ದಾರೆ. ಹಗಲು ದುಡಿದು ರಾತ್ರಿ ಓದುವ ಪರಂಪರೆಯು ಇವರಿಗೆ ಹೊಸದೇನಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು ಮುಂದೆ ವಕೀಲರಾದವರೂ ಉದ್ಯಮಿಗಳಾದವರೂ ಅನೇಕರಿದ್ದಾರೆ. ಡೊಂಬಿವಲಿಯ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವನ್ನು ನಡೆಸಿಕೊಂಡು ಬಂದಿರುವುದೂ ಇದೇ ಆಸ್ಥೆಯ ಫಲವಾಗಿದೆ.

ಇಂತಹ ನೌಕರರಲ್ಲಿಯೂ ಗೃಹಿಣಿಯರಲ್ಲಿಯೂ ಕಾನೂನಿನ ಪ್ರಾಥಮಿಕ ಜ್ಞಾನವನ್ನು ಪಡೆಯಬೇಕೆಂಬ ಅಪೇಕ್ಷೆ ಹೆಚ್ಚುತ್ತಿದೆ. ಆದರೆ ಡಿಪ್ಲೊಮಾ ವ್ಯಾಸಂಗವು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದರ ಬಗ್ಗೆ ತಪ್ಪು ಕಲ್ಪನೆಗಳು ಪ್ರಚಲಿತವಾಗಿರುವುದರಿಂದ ಮೊದಲು ಅವನ್ನು ನಿವಾರಿಸುವುದು ಅಗತ್ಯ.

ವಕೀಲಿಯ ಅರ್ಹತೆಯಲ್ಲ

ಡಿಪ್ಲೊಮಾ ಪಡೆದ ಮಾತ್ರಕ್ಕೆ ಯಾರೂ ನ್ಯಾಯವಾದಿಯಾಗುವುದಿಲ್ಲ. 1961ರ ನ್ಯಾಯವಾದಿಗಳ ಅಧಿನಿಯಮದ 24ನೆಯ ಕಲಮಿನ ಪ್ರಕಾರ ವಕೀಲರ ಪಟ್ಟಿಯಲ್ಲಿ ಹೆಸರು ದಾಖಲಿಸಲು ಕಾನೂನು ಪದವಿಯೇ ಬೇಕು. ಆ ಪದವಿಯೂ ತರಗತಿಗೆ ಹಾಜರಾಗಿ ಪಡೆದದ್ದಾಗಿರಬೇಕು. ಕಲ್ಕತ್ತಾ ವಿಶ್ವವಿದ್ಯಾಲಯವು ಮಹಿಳೆಯರಿಗೆ ತರಗತಿಗೆ ಹಾಜರಾಗದೆಯೇ ಕಾನೂನು ಪರೀಕ್ಷೆ ಬರೆಯುವ ಅವಕಾಶ ನೀಡಿದ್ದಿತು. ಹಾಗೆ ಉತ್ತೀರ್ಣರಾದವರ ಹೆಸರನ್ನು ವಕೀಲರ ಪರಿಷತ್ತು ದಾಖಲಿಸಿಕೊಳ್ಳಲು ನಿರಾಕರಿಸಿದಾಗ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅಪರ್ಣಾ ಬಸು ಮಲ್ಲಿಕ್ ಪ್ರಕರಣವೆಂದು ಹೆಸರಾದ ಇದರಲ್ಲಿ 1994ರಲ್ಲಿ ನ್ಯಾಯಾಲಯವು ಪರಿಷತ್ತಿನ ನಿಲುವನ್ನೇ ಎತ್ತಿಹಿಡಿಯಿತು. ಮನೆಯಲ್ಲೇ ಕುಳಿತು ವಕೀಲರಾಗಬಹುದೆಂದು ಜಾಹೀರಾತು ನೀಡುವವರ ಮಾತನ್ನು ನಂಬುವ ಮುನ್ನ ಈ ತೀರ್ಪನ್ನು ನೆನಪಿಸಿಕೊಳ್ಳುವುದು ಲೇಸು.

ವಕೀಲಿಯನ್ನೇ ಗುರಿಯಾಗಿಟ್ಟುಕೊಂಡವರು ಪದವಿಯ ನಂತರ ಮೂರು ವರ್ಷಗಳ ಅಥವಾ ಹನ್ನೆರಡನೆಯ ತರಗತಿಯ ನಂತರ ಐದು ವರ್ಷಗಳ ಕಾನೂನು ಶಿಕ್ಷಣಕ್ಕೆ ಸೇರಬೇಕು. ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಇದಕ್ಕೆ ಸಾಮಾನ್ಯ ವರ್ಗದವರು ಅರ್ಹತಾ ಪರೀಕ್ಷೆಯಲ್ಲಿ ಶೇಕಡಾ 45 ಅಂಕಗಳನ್ನು ಪಡೆದಿರಬೇಕು. ಮಹಾರಾಷ್ಟ್ರದಲ್ಲಿ ಪ್ರವೇಶ ಪರೀಕ್ಷೆಯೂ ಇದೆ. ಠಾಣೆಯ ವಿದ್ಯಾ ಪ್ರಸಾರಕ ಮಂಡಲದ ಕಾನೂನು ಕಾಲೇಜು ಈ ಭಾಗದ ಹಳೆಯ ಸಂಸ್ಥೆಗಳಲ್ಲಿ ಒಂದು. ನವಿಮುಂಬಯಿಯಲ್ಲಿಯೂ ಕಾನೂನು ಕಾಲೇಜುಗಳಿವೆ.

ಹಾಗಾದರೆ ಡಿಪ್ಲೊಮಾದ ಪ್ರಯೋಜನವೇನು? ವಕೀಲನ ಬಳಿಗೆ ಹೋಗುವ ಮೊದಲೇ ಕಳೆದುಹೋಗುವ ಹಕ್ಕುಗಳು ನಮ್ಮಲ್ಲಿ ಬಹಳ. ಅವಧಿ ಮೀರಿದ ಅರ್ಜಿ, ಓದದೆ ಹಾಕಿದ ಸಹಿ, ತಪ್ಪು ಕಚೇರಿಗೆ ಸಲ್ಲಿಸಿದ ದೂರು ಇವುಗಳಿಂದ ಆಗುವ ನಷ್ಟವನ್ನು ನಂತರ ಎಂತಹ ಸಮರ್ಥ ವಕೀಲನೂ ತುಂಬಿಕೊಡಲಾರ. ಡಿಪ್ಲೊಮಾ ವ್ಯಾಸಂಗದ ಬೆಲೆ ಇರುವುದು ಇಲ್ಲಿಯೇ.

ಪಠ್ಯಕ್ರಮದ ಸ್ವರೂಪ

1985ರಲ್ಲಿ ಸಂಸತ್ತಿನ ಅಧಿನಿಯಮದ ಮೂಲಕ ಸ್ಥಾಪಿತವಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು (ಇಗ್ನೋ) ರೂಪಿಸಿರುವ ಅರೆಕಾನೂನು ವೃತ್ತಿಯ ಡಿಪ್ಲೊಮಾವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹನ್ನೆರಡನೆಯ ತರಗತಿಯಲ್ಲಿ ಉತ್ತೀರ್ಣರಾದವರು ಇದಕ್ಕೆ ಅರ್ಹರು. ಭಾರತೀಯ ನ್ಯಾಯವ್ಯವಸ್ಥೆಯ ಪರಿಚಯ, ಕಾನೂನಿನ ಪರಿಚಯ, ದುರ್ಬಲ ವರ್ಗಗಳು ಮತ್ತು ಕಾನೂನು, ಗ್ರಾಮೀಣ ಸ್ಥಳೀಯ ಸ್ವಯಮಾಡಳಿತ ಇವು ಇದರ ಪತ್ರಿಕೆಗಳು. ಇವುಗಳೊಡನೆ ಪ್ರಾಯೋಗಿಕ ಕಾರ್ಯವೂ ಇದೆ. ಕೊನೆಯ ಪತ್ರಿಕೆಯ ಹೆಸರು ಕಂಡು ನಗರವಾಸಿಗಳು ಹಿಂಜರಿಯಬೇಕಾಗಿಲ್ಲ. ಠಾಣೆ ಜಿಲ್ಲೆಯೆಂದರೆ ಎತ್ತರದ ಕಟ್ಟಡಗಳಷ್ಟೇ ಅಲ್ಲ. ಮುರಬಾಡ, ಶಹಾಪುರ ತಾಲ್ಲೂಕುಗಳ ಹಳ್ಳಿಗಳು ಇದೇ ಜಿಲ್ಲೆಗೆ ಸೇರಿವೆ. ಶಹಾಪುರವು ಅನುಸೂಚಿತ ಪ್ರದೇಶವಾದ್ದರಿಂದ ಅಲ್ಲಿ 1996ರ ಪಂಚಾಯತಿ ವಿಸ್ತರಣಾ ಅಧಿನಿಯಮವೂ ಅನ್ವಯಿಸುತ್ತದೆ. ಕಲ್ಯಾಣ ಲೋಕಲ್ ಹತ್ತಿ ಕಸಾರಾದ ಕಡೆಗೆ ಒಂದು ಗಂಟೆ ಪಯಣಿಸಿದವರಿಗೆ ಪಠ್ಯದ ಅರ್ಧಭಾಗ ಕಣ್ಣೆದುರಿಗೇ ಕಾಣಸಿಗುವುದು.

ಇಗ್ನೋ ಡಿಪ್ಲೊಮಾಗಳು ಸಾಮಾನ್ಯವಾಗಿ 32 ಕ್ರೆಡಿಟ್‌ಗಳಷ್ಟಿರುತ್ತವೆ. ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಭ್ಯಾಸವೆಂದು ವಿಶ್ವವಿದ್ಯಾಲಯವು ಪರಿಗಣಿಸುವುದರಿಂದ ಒಟ್ಟು 960 ಗಂಟೆಗಳಾಗುತ್ತವೆ. ವರ್ಷದೊಳಗೆ ಮುಗಿಸಬೇಕಾದರೆ ದಿನಕ್ಕೆ ಎರಡೂವರೆ ಗಂಟೆಗೂ ಮೀರಿದ ಓದು ಬೇಕು. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ವರೆಗೆ ಹೋಗಿಬರುವ ಕಾಲವೂ ಸರಿಸುಮಾರು ಅಷ್ಟೇ ಆಗುತ್ತದೆಂಬುದು ಸ್ವಾರಸ್ಯದ ಸಂಗತಿ. ಆದರೆ ಬೆಳಗಿನ ನೂಕುನುಗ್ಗಲಿನಲ್ಲಿ ಪುಸ್ತಕ ಬಿಡಿಸುವುದಿರಲಿ, ಕೈ ಎತ್ತುವುದೂ ಕಷ್ಟ. ಆದ್ದರಿಂದ ಈ ಲೆಕ್ಕವನ್ನು ಕಾಗದದ ಮೇಲಿನದೆಂದು ತಿಳಿದು, ಎರಡು ವರ್ಷಗಳ ಯೋಜನೆ ಹಾಕಿಕೊಳ್ಳುವುದೇ ವಾಸ್ತವಿಕ. ವಿಶ್ವವಿದ್ಯಾಲಯವು ಕನಿಷ್ಠ ಅವಧಿಗಿಂತ ಹೆಚ್ಚಿನ ಗರಿಷ್ಠ ಅವಧಿಯನ್ನು ನೀಡಿರುವುದು ಇಂತಹವರಿಗಾಗಿಯೇ.

ಭಾಷೆಯ ತೊಡಕು

ಈ ಪ್ರದೇಶದ ಕನ್ನಡಿಗ ವಿದ್ಯಾರ್ಥಿಯ ಮುಂದೆ ಬೇರೊಂದು ಸಮಸ್ಯೆಯಿದೆ. ಪಠ್ಯಪುಸ್ತಕದ ಭಾಷೆ ಇಂಗ್ಲಿಷ್ ಅಥವಾ ಹಿಂದಿ. ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ ಮತ್ತು ಕೆಳ ನ್ಯಾಯಾಲಯಗಳ ಭಾಷೆ ಮರಾಠಿ. ಯೋಚಿಸುವ ಭಾಷೆ ಕನ್ನಡ. ಕನ್ನಡ ಮತ್ತು ಮರಾಠಿಗಳ ಕಾನೂನು ಪದಗಳು ಬಹುಮಟ್ಟಿಗೆ ಒಂದೇ ಮೂಲದವಾದ್ದರಿಂದ ಕಲಿಕೆ ಸುಲಭವೆಂದು ತೋರುತ್ತದೆ. ವಾದಿ, ಪ್ರತಿವಾದಿ, ಜಾಮೀನು, ದಾವೆ ಇವುಗಳ ಮಟ್ಟಿಗೆ ಅದು ನಿಜವೂ ಹೌದು. ಅಪಾಯವಿರುವುದು ರೂಪ ಒಂದೇ ಇದ್ದು ಅರ್ಥ ಬೇರೆಯಾದ ಪದಗಳಲ್ಲಿ.

ಕನ್ನಡದ ನ್ಯಾಯಾಲಯಗಳಲ್ಲಿ ‘ಖುಲಾಸೆ’ ಎಂದರೆ ಆರೋಪದಿಂದ ಬಿಡುಗಡೆ. ಮರಾಠಿಯ ‘ಖುಲಾಸಾ’ ಎಂದರೆ ವಿವರಣೆ ಅಥವಾ ಸ್ಪಷ್ಟೀಕರಣ. ಕಚೇರಿಯಿಂದ ‘ಖುಲಾಸಾ’ ಸಲ್ಲಿಸುವಂತೆ ಮರಾಠಿ ನೋಟಿಸು ಬಂದರೆ ತಾನು ಪಾರಾದೆನೆಂದು ಸಂತೋಷಪಡುವಂತಿಲ್ಲ. ಉತ್ತರ ಕೊಡಬೇಕಾದ ಗಡುವು ಆಗಲೇ ಆರಂಭವಾಗಿರುತ್ತದೆ. ಕನ್ನಡದಲ್ಲಿ ‘ತಕರಾರು’ ಎಂಬುದು ಎದುರು ಪಕ್ಷದವರು ಎತ್ತುವ ಆಕ್ಷೇಪಣೆ. ಮರಾಠಿಯ ‘ತಕ್ರಾರ’ ಎಂದರೆ ದೂರು. ಹೀಗಾಗಿ ದೂರು ಕೊಟ್ಟವನು ಯಾರು, ಅದಕ್ಕೆ ಉತ್ತರಿಸಬೇಕಾದವನು ಯಾರು ಎಂಬುದೇ ತಲೆಕೆಳಗಾಗುವ ಸಂಭವವಿದೆ. ‘ಶಿಕ್ಷೆ’ಯು ಕನ್ನಡ, ಮರಾಠಿಗಳೆರಡರಲ್ಲಿಯೂ ದಂಡನೆಯೇ, ಹಿಂದಿ ಪಠ್ಯಪುಸ್ತಕದಲ್ಲಿ ಅದೇ ಪದ ವಿದ್ಯಾಭ್ಯಾಸವಾಗಿಬಿಡುತ್ತದೆ. ಊರಿನಲ್ಲಿ ‘ಪಹಣಿ’ ಎನ್ನುವ ಜಮೀನಿನ ದಾಖಲೆ ಇಲ್ಲಿ ‘ಸಾತ್‌ಬಾರಾ’. ಓದಲಾರಂಭಿಸಿದ ದಿನದಿಂದಲೇ ಇಂತಹ ಪದಗಳ ಪಟ್ಟಿಯನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ವಿದ್ಯಾರ್ಥಿಗೆ ಪರೀಕ್ಷೆಗಿಂತಲೂ ವ್ಯವಹಾರದಲ್ಲಿ ಹೆಚ್ಚಿನ ಲಾಭವಾಗುವುದು.

ರೈಲು ಹಳಿ ಮತ್ತು ಕಾನೂನು

ಈ ಭಾಗದ ಜೀವನದೊಡನೆ ನೇರವಾಗಿ ತಳಕು ಹಾಕಿಕೊಂಡಿರುವ ಕಾನೂನೆಂದರೆ 1989ರ ರೈಲ್ವೆ ಅಧಿನಿಯಮ. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್ ರೈಲುಗಳ ಬಾಗಿಲಲ್ಲಿ ನಿಂತಿದ್ದ ಪ್ರಯಾಣಿಕರು ಹಳಿಗೆ ಬಿದ್ದು ಹಲವರು ಮೃತಪಟ್ಟರು. ಇಂತಹ ಸಂದರ್ಭದಲ್ಲಿ ಮೃತನ ಕುಟುಂಬಕ್ಕೆ ಬಂಧುಗಳು ಹೇಳುವ ಮೊದಲ ಮಾತು, ‘ಬಾಗಿಲಲ್ಲಿ ನಿಂತದ್ದು ಅವನದೇ ತಪ್ಪು, ಪರಿಹಾರ ಎಲ್ಲಿ ಸಿಕ್ಕೀತು’ ಎಂಬುದು. ಕಾನೂನು ಹಾಗೆ ಹೇಳುವುದಿಲ್ಲ.

ಅಧಿನಿಯಮದ 124ಎ ಕಲಮಿನಂತೆ ಪ್ರಯಾಣಿಕನು ರೈಲಿನಿಂದ ಆಕಸ್ಮಿಕವಾಗಿ ಬಿದ್ದು ಸತ್ತರೆ ಅಥವಾ ಗಾಯಗೊಂಡರೆ ರೈಲ್ವೆಯ ತಪ್ಪು ಇರಲಿ ಇಲ್ಲದಿರಲಿ ಪರಿಹಾರ ಸಲ್ಲತಕ್ಕದ್ದು. ಆತ್ಮಹತ್ಯೆ, ತಾನೇ ಮಾಡಿಕೊಂಡ ಗಾಯ, ಸ್ವಂತ ಅಪರಾಧಕೃತ್ಯ, ಅಮಲು ಅಥವಾ ಬುದ್ಧಿಭ್ರಮಣೆ, ಸಹಜ ರೋಗ ಇವಷ್ಟೇ ಇದಕ್ಕೆ ಅಪವಾದಗಳು. ಚಲಿಸುವ ರೈಲನ್ನು ಹತ್ತಲು ಹೋಗಿ ಬಿದ್ದದ್ದೂ ಇದರ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2008ರ ಪ್ರಭಾಕರನ್ ವಿಜಯಕುಮಾರ್ ಪ್ರಕರಣದಲ್ಲಿ ತೀರ್ಮಾನಿಸಿತು. ಮೃತನ ಬಳಿ ಟಿಕೆಟು ಅಥವಾ ಪಾಸು ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕುವಂತಿಲ್ಲವೆಂದು 2018ರ ರೀನಾ ದೇವಿ ಪ್ರಕರಣದಲ್ಲಿ ಹೇಳಲಾಯಿತು. ಅರ್ಜಿದಾರರು ಪ್ರಮಾಣಪತ್ರದ ಮೂಲಕ ಸಂಗತಿಗಳನ್ನು ಮುಂದಿಟ್ಟರೆ ಅದನ್ನು ಅಲ್ಲಗಳೆಯುವ ಹೊಣೆ ರೈಲ್ವೆಯದಾಗುತ್ತದೆ. ಮರಣ ಸಂಭವಿಸಿದಲ್ಲಿ ಪರಿಹಾರದ ಮೊತ್ತವನ್ನು 2017ರ ಜನವರಿ 1ರಿಂದ 8 ಲಕ್ಷ ರೂಪಾಯಿಗಳಿಗೆ ಹೆಚ್ಚಿಸಲಾಯಿತು. ಆದರೆ ಹಳಿ ದಾಟುವಾಗ ರೈಲು ಬಡಿದು ಸತ್ತವರಿಗೆ ಈ ಕಲಮು ಅನ್ವಯಿಸುವುದಿಲ್ಲ. ಆದ್ದರಿಂದ ಪಂಚನಾಮೆಯಲ್ಲಿ ‘ಬಿದ್ದು’ ಎಂದು ಬರೆದಿದೆಯೋ ‘ದಾಟುವಾಗ’ ಎಂದು ಬರೆದಿದೆಯೋ ಎಂಬುದನ್ನು ಅಂದೇ ಓದಿನೋಡಬೇಕು.

ಅರ್ಜಿಯನ್ನು ಒಂದು ವರ್ಷದೊಳಗಾಗಿ ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿಗೆ ಸಲ್ಲಿಸಬೇಕು. ದುಡಿಯುವ ಮಗನನ್ನು ಕಳೆದುಕೊಂಡು ಊರಿಗೆ ಮರಳಿದ ತಾಯಿಯು ತಾನು ವಾಸಿಸುವ ಸ್ಥಳದ ವ್ಯಾಪ್ತಿಯ ಪೀಠದಲ್ಲಿಯೇ ಅರ್ಜಿ ಹಾಕಬಹುದು, ಮುಂಬಯಿಗೆ ಅಲೆಯಬೇಕಾಗಿಲ್ಲ. ಇಷ್ಟನ್ನು ತಿಳಿದ ನೆರೆಯವರೊಬ್ಬರು ಕಟ್ಟಡದಲ್ಲಿದ್ದರೆ ಆ ಕುಟುಂಬದ ಮುಂದಿನ ಬದುಕೇ ಬೇರೆಯಾಗಬಲ್ಲದು.

ಮನೆಕೊಳ್ಳುವವರ ಸಂಕಷ್ಟ

ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯ ಹೆಸರಿನಲ್ಲಿ ನಕಲಿ ಪರವಾನಗಿ ಪತ್ರಗಳನ್ನು ಸೃಷ್ಟಿಸಿ, ಅವುಗಳ ಆಧಾರದಿಂದ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರವಾದ ಮಹಾರೇರಾದಲ್ಲಿ ನೋಂದಣಿ ಪಡೆದ 65 ಕಟ್ಟಡಗಳ ಸಂಗತಿ ಸರ್ವವಿದಿತವಾಗಿದೆ. ಅವನ್ನು ಕೆಡವುವಂತೆ ಮುಂಬಯಿ ಉಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಆದೇಶಿಸಿದಾಗ ಬೀದಿಗೆ ಬೀಳುವ ಭಯ ಎದುರಾದದ್ದು ಉಳಿತಾಯವನ್ನೆಲ್ಲ ಸುರಿದು, ಸಾಲ ಮಾಡಿ ಮನೆಕೊಂಡವರಿಗೆ. ನೋಂದಣಿ ಸಂಖ್ಯೆಯಿದೆ, ಬ್ಯಾಂಕು ಸಾಲ ಕೊಟ್ಟಿದೆ ಎಂಬುದನ್ನೇ ಅವರು ಸಾಕ್ಷ್ಯವೆಂದು ನಂಬಿದ್ದರು. ಮಾರುವವನು ತೋರಿಸಿದ ಕಾಗದಕ್ಕೂ, ಅದನ್ನು ಹೊರಡಿಸಿದ ಕಚೇರಿಯಿಂದಲೇ ಪಡೆದ ದೃಢೀಕೃತ ಪ್ರತಿಗೂ ಇರುವ ಅಂತರವನ್ನು ಕಾನೂನಿನ ಪ್ರಾಥಮಿಕ ಪಾಠಗಳೇ ಕಲಿಸುತ್ತವೆ. ಆರಂಭ ಪ್ರಮಾಣಪತ್ರದ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮದಡಿ ಪಾಲಿಕೆಯಿಂದಲೇ ಕೇಳಿ ಪಡೆಯಬಹುದು. ನವಿಮುಂಬಯಿಯಲ್ಲಿ ಬಹುಪಾಲು ಭೂಮಿ ಸಿಡ್ಕೋ ಸಂಸ್ಥೆಯ ಗುತ್ತಿಗೆಯದಾದ್ದರಿಂದ ಅಲ್ಲಿ ವಿಚಾರಿಸಬೇಕಾದ ಕಚೇರಿಯೂ ದಾಖಲೆಯೂ ಬೇರೆ.

ಹಳೆಯ ಪುಸ್ತಕ, ಹೊಸ ಕಾನೂನು

ಹಳೆಯ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಳ್ಳುವ ಅಭ್ಯಾಸ ಇತರ ವಿಷಯಗಳಲ್ಲಿ ಸರಿ, ಕಾನೂನಿನಲ್ಲಿ ಅಲ್ಲ. 1860ರ ಭಾರತೀಯ ದಂಡಸಂಹಿತೆ, 1973ರ ದಂಡಪ್ರಕ್ರಿಯಾ ಸಂಹಿತೆ ಮತ್ತು 1872ರ ಸಾಕ್ಷ್ಯ ಅಧಿನಿಯಮಗಳ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮಗಳು ಜಾರಿಗೆ ಬಂದಿವೆ. ವಂಚನೆಗೆ ಪರ್ಯಾಯವಾಗಿ ಜನರ ಬಾಯಲ್ಲಿ ನೆಲೆಗೊಂಡ ‘ನಾನೂರಿಪ್ಪತ್ತು’ ಈಗ 318ನೆಯ ಕಲಮಿನ ನಾಲ್ಕನೆಯ ಉಪಕಲಮು. ಆಡುಮಾತು ಬದಲಾಗಲು ಇನ್ನೂ ಒಂದು ತಲೆಮಾರು ಬೇಕಾದೀತು. ಆ ದಿನಾಂಕಕ್ಕೆ ಮುಂಚಿನ ಅಪರಾಧಗಳಿಗೆ ಹಳೆಯ ದಂಡಸಂಹಿತೆಯೇ ಅನ್ವಯಿಸುವುದರಿಂದ ವಿದ್ಯಾರ್ಥಿಯು ಎರಡನ್ನೂ ತಿಳಿದಿರಬೇಕು. ಕಾರ್ಮಿಕ ಕಾನೂನುಗಳ ಕ್ಷೇತ್ರದಲ್ಲಿಯೂ 29 ಅಧಿನಿಯಮಗಳನ್ನು ಒಗ್ಗೂಡಿಸಿದ ನಾಲ್ಕು ಸಂಹಿತೆಗಳನ್ನು 2025ರ ನವೆಂಬರ್ 21ರಿಂದ ಜಾರಿಗೊಳಿಸಲಾಗಿದೆ.

ವ್ಯಾಸಂಗದ ಮುಂದೆ

ಡಿಪ್ಲೊಮಾ ಪಡೆದವರಿಗೆ ಸೇವೆಯ ಒಂದು ಕ್ಷೇತ್ರ ತೆರೆದಿದೆ. ಸಂವಿಧಾನದ 39ಎ ಅನುಚ್ಛೇದದ ಆಶಯದಂತೆ ರೂಪುಗೊಂಡ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ರಾಷ್ಟ್ರೀಯ ಪ್ರಾಧಿಕಾರವು 2009ರಲ್ಲಿ ಅರೆಕಾನೂನು ಸ್ವಯಂಸೇವಕರ ಯೋಜನೆಯನ್ನು ರೂಪಿಸಿದೆ. ಇವರ ಆಯ್ಕೆ ಮತ್ತು ತರಬೇತಿ ಜಿಲ್ಲಾ ಪ್ರಾಧಿಕಾರದ ಕೆಲಸ. ಡಿಪ್ಲೊಮಾ ಕಡ್ಡಾಯವಲ್ಲ, ಆದರೆ ಸಹಾಯಕ. ಸ್ವಯಂಸೇವಕರು ಜನರಿಂದ ಹಣ ಪಡೆಯುವಂತಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ಬಂಧನದಲ್ಲಿರುವವರು ಆದಾಯವನ್ನು ಲೆಕ್ಕಿಸದೆ ಉಚಿತ ಕಾನೂನು ನೆರವಿಗೆ ಅರ್ಹರೆಂಬುದನ್ನು ಇಂದಿಗೂ ಅನೇಕರು ಅರಿಯರು. 15100 ದೂರವಾಣಿ ಸಂಖ್ಯೆಯಲ್ಲಿ ಈ ನೆರವನ್ನು ಕೋರಬಹುದು.

ಪದವೀಧರರು ಬೆಂಗಳೂರಿನ ಭಾರತೀಯ ರಾಷ್ಟ್ರೀಯ ಕಾನೂನು ಶಾಲಾ ವಿಶ್ವವಿದ್ಯಾಲಯದ ದೂರಶಿಕ್ಷಣ ಸ್ನಾತಕೋತ್ತರ ಡಿಪ್ಲೊಮಾಗಳನ್ನೂ ಪರಿಶೀಲಿಸಬಹುದು. ಮಾನವ ಹಕ್ಕುಗಳು, ಪರಿಸರ, ಗ್ರಾಹಕ ಕಾನೂನು, ವೈದ್ಯಕೀಯ ಕಾನೂನು ಮುಂತಾದ ವಿಷಯಗಳು ಅಲ್ಲಿ ಲಭ್ಯವಾಗಿ ಬಂದಿವೆ. ಆಯಾ ವರ್ಷ ಯಾವುದಕ್ಕೆ ಪ್ರವೇಶವಿದೆ ಎಂಬುದನ್ನು ಆ ವರ್ಷದ ಪ್ರಕಟಣೆಯಿಂದಲೇ ತಿಳಿಯತಕ್ಕದ್ದು.

ಪ್ರವೇಶಕ್ಕೆ ಮೊದಲು ಆ ಸಂಸ್ಥೆಗೂ ಆ ಪಠ್ಯಕ್ರಮಕ್ಕೂ ವಿಶ್ವವಿದ್ಯಾಲಯ ಅನುದಾನ ಆಯೋಗದ ದೂರಶಿಕ್ಷಣ ವಿಭಾಗದ ಮಾನ್ಯತೆ ಆ ಅವಧಿಗೆ ಇದೆಯೇ ಎಂದು ನೋಡಬೇಕು. ಇಗ್ನೋದಲ್ಲಿ ಜನವರಿ ಮತ್ತು ಜುಲೈ ಎಂಬ ಎರಡು ಪ್ರವೇಶ ಅವಧಿಗಳಿದ್ದು, ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ಗಳಲ್ಲಿ ನಡೆಯುತ್ತವೆ. ಪ್ರವೇಶ ಶುಲ್ಕ ಕಟ್ಟಿದವರು ತಾವು ತಾನಾಗಿಯೇ ಪರೀಕ್ಷೆಗೆ ಅರ್ಹರೆಂದು ಭಾವಿಸಿ ಒಂದು ಅವಧಿಯನ್ನೇ ಕಳೆದುಕೊಳ್ಳುವುದುಂಟು. ಪರೀಕ್ಷೆಯ ಅರ್ಜಿಯನ್ನೂ ಶುಲ್ಕವನ್ನೂ ಪ್ರತ್ಯೇಕವಾಗಿ ಸಲ್ಲಿಸಬೇಕು; ನಿಯೋಜಿತ ಬರಹಗಳನ್ನು ಗಡುವಿನೊಳಗೆ ಅಧ್ಯಯನ ಕೇಂದ್ರಕ್ಕೆ ಒಪ್ಪಿಸಿ ರಸೀದಿಯನ್ನು ಫಲಿತಾಂಶ ಬರುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಬೇಕು.