ಹಲ್ಲಿನ ಸೆಟ್ಟಿನಡಿಯ ಕೆಂಪು

ಹಲ್ಲಿನ ಸೆಟ್ ತೆಗೆದು ಕನ್ನಡಿಯಲ್ಲಿ ಮೇಲಂಗುಳ ನೋಡಿಕೊಳ್ಳುವವರು ಕಡಿಮೆ. ನೋಡಿದರೆ ಕೆಲವರಿಗೆ ಒಂದು ವಿಚಿತ್ರ ಕಾಣುತ್ತದೆ: ಸೆಟ್ ಎಷ್ಟು ಜಾಗ ಮುಚ್ಚುತ್ತದೋ ಅಷ್ಟು ಮಾತ್ರ, ಗೆರೆ ಎಳೆದ ಹಾಗೆ, ಕೆಂಪಗಾಗಿರುತ್ತದೆ. ನೋವಿಲ್ಲದ್ದರಿಂದ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ದಂತವೈದ್ಯರು ಇದನ್ನು ಡೆಂಚರ್ ಸ್ಟೊಮಟೈಟಿಸ್ ಎನ್ನುತ್ತಾರೆ.

ಇದರ ಹಿಂದೆ ಸಾಮಾನ್ಯವಾಗಿ ಇರುವುದು ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಶಿಲೀಂಧ್ರ. ಆರೋಗ್ಯವಂತರ ಬಾಯಲ್ಲೂ ಅದು ತೆಪ್ಪಗೆ ಬದುಕಿರುತ್ತದೆ. ಸೆಟ್ಟಿನಡಿಯಲ್ಲಿ ಜೊಲ್ಲು ಹರಿಯದು, ನಾಲಿಗೆ ತಾಗದು. ಅಂಗುಳಕ್ಕೆ ಕೂರುವ ಅಕ್ರಿಲಿಕ್ ಬದಿಗೆ ಪಾಲಿಶ್ ಇರುವುದಿಲ್ಲ. ಅದರ ಸಣ್ಣ ಸಣ್ಣ ಕುಳಿಗಳಲ್ಲಿ ಶಿಲೀಂಧ್ರ ಅಂಟುಪದರ ಕಟ್ಟಿಕೊಂಡು ಕೂರುತ್ತದೆ. ರಾತ್ರಿಯೂ ಸೆಟ್ ತೆಗೆಯದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಬಾಯಿ ಒಣಗುವವರಿಗೆ, ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರಿಗೆ ಅಪಾಯ ಹೆಚ್ಚು.

ಮೈಕೊನಜೋಲ್ ಜೆಲ್, ನಿಸ್ಟಾಟಿನ್ ಇದಕ್ಕೆ ರೂಢಿಯ ಔಷಧಗಳು. ಆದರೆ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ನುಂಗುತ್ತಿರುವವರು ಮೈಕೊನಜೋಲ್ ಹಚ್ಚಿಕೊಂಡರೆ ರಕ್ತಸ್ರಾವ ಆಗಬಹುದು. ಸೆಟ್ ಹಾಕಿಕೊಳ್ಳುವ ವಯಸ್ಸಿನವರಲ್ಲಿ ಆ ಮಾತ್ರೆ ಅಪರೂಪವಲ್ಲ. ಹಾಗಾಗಿ ಗಿಡಮೂಲಿಕೆಗಳತ್ತ ಸಂಶೋಧಕರು ತಿರುಗಿದ್ದು ಬರೀ ವ್ಯಾಮೋಹದಿಂದಲ್ಲ.

ಬ್ರೆಜಿಲ್‌ನಲ್ಲಿ 60 ಜನರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರ್ಧ ಜನರಿಗೆ ಮೈಕೊನಜೋಲ್, ಉಳಿದವರಿಗೆ ದಾಳಿಂಬೆಯ ಸಾರದ ಜೆಲ್ ಕೊಟ್ಟರು. ಶಿಲೀಂಧ್ರ ತೊಲಗಿಸುವುದರಲ್ಲಿ ದಾಳಿಂಬೆ ಹತ್ತಿರ ಹತ್ತಿರ ಸಮಕ್ಕೇ ಬಂತು. ಉರಿಯೂತ ಇಳಿಸುವುದರಲ್ಲಿ ಮಾತ್ರ ಸ್ವಲ್ಪ ಹಿಂದೆ ಬಿತ್ತು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಇರಾನಿನ ಪ್ರಯೋಗ. ಅಲ್ಲಿ ಬಳಸಿದ್ದು ಜಟಾರಿಯಾ ಮಲ್ಟಿಫ್ಲೋರಾ ಎಂಬ ಸಸ್ಯದ ಜೆಲ್. ನಮ್ಮ ಓಂಕಾಳಿನಲ್ಲಿ ಘಮ್ಮೆನ್ನುವ ಥೈಮಾಲ್ ಅದರಲ್ಲೂ ಇದೆ. ಅಂಗುಳದ ಕೆಂಪನ್ನು ಅದು ಮೈಕೊನಜೋಲ್‌ಗಿಂತ ಚೆನ್ನಾಗಿ ಇಳಿಸಿತು. ಸೆಟ್ಟಿನ ಮೇಲೆ ಕೂತಿದ್ದ ಶಿಲೀಂಧ್ರವನ್ನು ಮಾತ್ರ ಅಷ್ಟಾಗಿ ಕಡಿಮೆ ಮಾಡಲಿಲ್ಲ.

ತೊಡಕೆಲ್ಲ ಇರುವುದು ಇಲ್ಲೇ. ಅರಿಸಿನದ ನೀರಿನಲ್ಲೋ ತ್ರಿಫಲದ ಕಷಾಯದಲ್ಲೋ ಬಾಯಿ ಮುಕ್ಕಳಿಸಿ ಅಂಗುಳ ತಣಿದರೂ, ಅದೇ ಸೆಟ್ ಮತ್ತೆ ಒಳಗೆ ಹೋದರೆ ಸೋಂಕೂ ಜೊತೆಗೇ ಹೋಗುತ್ತದೆ. ಹರಳು ಬೀಜದಿಂದ ತಯಾರಿಸಿದ ದ್ರಾವಣದಲ್ಲಿ ಸೆಟ್ಟನ್ನೇ ನೆನೆಸಿಡುವ ಪ್ರಯೋಗಗಳೂ ಬ್ರೆಜಿಲ್‌ನಲ್ಲಿ ನಡೆದಿವೆ. ಹೋಗಬೇಕಾದ ದಾರಿ ಅದೇ ಎಂದು ನನ್ನ ನಂಬಿಕೆ.

ಮನೆಯಲ್ಲಿ ಮಾಡಬೇಕಾದ್ದು ಸರಳ. ರಾತ್ರಿ ಸೆಟ್ ತೆಗೆಯಿರಿ. ಮೆತ್ತನೆ ಬ್ರಷ್, ಸೋಪು ಹಾಕಿ ಒಳಬದಿಯನ್ನು ತಿಕ್ಕಿರಿ. ಟೂತ್‌ಪೇಸ್ಟ್ ಬೇಡ, ಅಕ್ರಿಲಿಕ್ ಮೇಲೆ ಗೀರು ಬೀಳುತ್ತದೆ. ಕುದಿಯುವ ನೀರು ಹಾಕಿದರೆ ಸೆಟ್ ಸೊಟ್ಟಗಾಗುತ್ತದೆ. ಲವಂಗದ ಎಣ್ಣೆಯನ್ನು ಹಾಗೇ ಅಂಗುಳಕ್ಕೆ ಹಚ್ಚಲೇಬೇಡಿ, ಮೊದಲೇ ಬೆಂದ ಜಾಗ ಸುಟ್ಟುಹೋಗುತ್ತದೆ. ಸೆಟ್ ಸಡಿಲವಾಗಿ ಉಜ್ಜುತ್ತಿದ್ದರೆ ಯಾವ ಮೂಲಿಕೆಯೂ ಸಾಲದು, ಅದನ್ನು ಸರಿಮಾಡಿಸಲೇಬೇಕು. ಎರಡು ವಾರಕ್ಕೂ ಮಾಯದ ಹುಣ್ಣು, ಕೆಂಪು ಇಲ್ಲವೇ ಬಿಳಿ ಮಚ್ಚೆ ಕಂಡರೆ, ಅದರಲ್ಲೂ ಎಲೆಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದ್ದವರು, ಕಷಾಯ ಬದಿಗಿಟ್ಟು ದಂತವೈದ್ಯರಿಗೆ ಬಾಯಿ ತೋರಿಸಿ.