ಲ್ಯಾಪ್‌ಟಾಪ್‌ನಲ್ಲಿ ಅರ್ಕಾವತಿ

ನಂದಿಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿಯ ಜಲಾನಯನ ಪ್ರದೇಶ 4,000 ಚದರ ಕಿಲೋಮೀಟರಿಗೂ ತುಸು ಹೆಚ್ಚು. ಅಷ್ಟಗಲಕ್ಕೂ ಬರೀ 7 ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಟಿಎಂಸಿ ನೀರು. ಅಲ್ಲಿನ ವರ್ಷದ ಮಳೆ 800 ಮಿ.ಮೀ. ಆಸುಪಾಸು. ಗುಣಿಸಿ ನೋಡಿ, ನೂರು ಟಿಎಂಸಿ ದಾಟುತ್ತದೆ. ಹಾಗಿದ್ದೂ ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಮಳೆಗಾಲದಲ್ಲೂ ಹೊಳೆ ಸರಿಯಾಗಿ ಬರುವುದಿಲ್ಲ. ಬಿದ್ದ ನೀರು ಹೋದದ್ದೆಲ್ಲಿಗೆ?

ಇದಕ್ಕೆ ಲೆಕ್ಕ ಒಪ್ಪಿಸುವುದೇ ಜಲಾನಯನ ವಿಜ್ಞಾನದ ಕೆಲಸ. 1674ರಲ್ಲಿ ಪಿಯರ್ ಪೆರೊ ಎಂಬ ಫ್ರೆಂಚ್ ಮನುಷ್ಯ ಸೀನ್ ನದಿಯ ಮೂಲದ ಬಳಿ ಬಿದ್ದ ಮಳೆಯನ್ನೂ ಹರಿದ ನೀರನ್ನೂ ತಾಳೆ ಹಾಕಿ, ಹೊಳೆಯಲ್ಲಿ ಹರಿಯುವುದರ ಆರು ಪಟ್ಟು ನೀರು ಮಳೆಯಾಗಿಯೇ ಬೀಳುತ್ತದೆ ಎಂದು ತೋರಿಸಿದ. ಸಮುದ್ರದ ನೀರು ನೆಲದೊಳಗಿನಿಂದ ಏರಿಬಂದು ನದಿಯಾಗುತ್ತದೆ ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು. ಅಂದು ಅವನು ಮಾಡಿದ್ದನ್ನೇ ಇಂದಿನ ಸ್ನಾತಕೋತ್ತರ ವಿದ್ಯಾರ್ಥಿ ಮನೆಯಲ್ಲಿ ಕೂತು, ಉಪಗ್ರಹದ ಮಾಹಿತಿ ಇಟ್ಟುಕೊಂಡು ಮಾಡುತ್ತಾನೆ. ಕೆಲಸ ಬಿಡಲಾಗದ ನೀರಾವರಿ ಇಲಾಖೆಯ ಕಿರಿಯ ಎಂಜಿನಿಯರ್, ಸಂಸ್ಥೆಯೊಂದರಲ್ಲಿ ಕೆರೆ ಹೂಳೆತ್ತಿಸುವ ಕಾರ್ಯಕರ್ತೆ, ಭೂಗೋಳದಲ್ಲಿ ಎಂ.ಎ. ಮುಗಿಸಿ ಮುಂದೇನು ಎನ್ನುತ್ತಿರುವ ಹುಡುಗ, ಇವರಿಗೆಲ್ಲ ಆನ್‌ಲೈನ್ ಓದು ನಿಜಕ್ಕೂ ಬಾಗಿಲು ತೆರೆದಿದೆ.

ಆದರೆ ಬಾಗಿಲು ಪೂರ್ತಿ ತೆರೆದಿಲ್ಲ. ಎಂಜಿನಿಯರಿಂಗ್ ಪದವಿಯನ್ನು ಆನ್‌ಲೈನ್‌ನಲ್ಲಿ ಕೊಡಲು ಯುಜಿಸಿ ನಿಯಮ ಬಿಡುವುದಿಲ್ಲ. ಹಾಗಾಗಿ ಜಲವಿಜ್ಞಾನದ ಎಂ.ಟೆಕ್ ಬೇಕೆಂದರೆ ರೂರ್ಕಿಗೋ ಸುರತ್ಕಲ್‌ಗೋ ಹೋಗಿ ತರಗತಿಯಲ್ಲೇ ಕೂರಬೇಕು. ಇಗ್ನೋದಲ್ಲಿ ಜಲಾನಯನ ನಿರ್ವಹಣೆಯ ಡಿಪ್ಲೊಮಾ ಇದೆ, ಅದು ಪಿಯುಸಿ ಮುಗಿಸಿದವರಿಗೂ ಸಿಗುವಂಥದ್ದು. ಉಳಿದದ್ದು ಬಿಡಿ ಕೋರ್ಸುಗಳು ಮತ್ತು ವಿದೇಶಿ ವಿಶ್ವವಿದ್ಯಾಲಯಗಳು. ಬಿಡಿ ಕೋರ್ಸು ಎಂದು ಮೂಗು ಮುರಿಯಬೇಕಿಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟಿಇಎಲ್‌ನಲ್ಲಿ ಬಾಂಬೆ ಐಐಟಿಯ ಪ್ರೊ. ಟಿ.ಐ. ಎಲ್ಡೊ ಅವರ ಜಲಾನಯನ ನಿರ್ವಹಣೆಯ ಪಾಠಸರಣಿಯೇ ಇದೆ, ಉಚಿತ. ನೆದರ್‌ಲೆಂಡ್ಸ್‌ನ ಐಎಚ್‌ಇ ಡೆಲ್ಫ್ಟ್ ಸಂಸ್ಥೆ ಕ್ಯೂಜಿಐಎಸ್ ತಂತ್ರಾಂಶದ ಪಾಠಗಳನ್ನು ಕಾಸು ಕೇಳದೆ ಎದುರಿಗಿಟ್ಟಿದೆ.

ಪಾಠದ ಮೊದಲ ಪಟ್ಟು ಸಾಮಾನ್ಯವಾಗಿ ನಕ್ಷೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಭೂಮಿಯನ್ನು ಸುತ್ತಿ ರೇಡಾರ್‌ನಿಂದ ಅಳೆದ ನೆಲದ ಎತ್ತರದ ಮಾಹಿತಿ ಈಗ ಯಾರಿಗಾದರೂ ಸಿಗುತ್ತದೆ. 30 ಮೀಟರಿಗೊಂದು ಚೌಕ, ಪ್ರತಿ ಚೌಕಕ್ಕೂ ಒಂದು ಎತ್ತರ. ಒಂದು ಚೌಕದ ನೀರು ಸುತ್ತಲಿನ ಎಂಟು ಚೌಕಗಳಲ್ಲಿ ಅತಿ ಇಳಿಜಾರಾದ ಕಡೆಗೆ ಹೋಗುತ್ತದೆ ಎಂದು ತಂತ್ರಾಂಶಕ್ಕೆ ಹೇಳಿದರೆ ಸಾಕು, ಹಳ್ಳ ತೊರೆಗಳ ಜಾಲ ತಾನಾಗಿ ಮೂಡುತ್ತದೆ. ನಿಮ್ಮೂರಿನ ಸೇತುವೆಯ ಮೇಲೆ ಒಂದು ಚುಕ್ಕಿ ಇಟ್ಟರೆ, ಆ ಸೇತುವೆಯಡಿಗೆ ಯಾವ ಯಾವ ಹೊಲದ ನೀರು ಬರುತ್ತದೆ ಎಂಬ ಗಡಿ ಕಣ್ಣೆದುರು. ಮೊದಲ ಸಲ ಇದನ್ನು ನೋಡಿದವರಿಗೆ ತಾಲ್ಲೂಕು, ಜಿಲ್ಲೆಗಳ ಗೆರೆಗಳು ಆಮೇಲೆ ಸಪ್ಪೆಯಾಗಿ ಕಾಣುವುದು ಖಂಡಿತ.

ಇಲ್ಲೇ ಒಂದು ಸೂಕ್ಷ್ಮ ಇದೆ. ನೀರಿನ ದಾರಿ ಹುಡುಕುವ ಮುನ್ನ ತಂತ್ರಾಂಶ ನಕ್ಷೆಯಲ್ಲಿರುವ ತಗ್ಗುಗಳನ್ನೆಲ್ಲ ‘ತುಂಬಿಸಿ’ಬಿಡುತ್ತದೆ. ತಗ್ಗು ಅಂದರೆ ಅದರ ಪಾಲಿಗೆ ಅಳತೆಯ ದೋಷ. ನಮ್ಮ ಬಯಲುಸೀಮೆಯಲ್ಲಿ ತಗ್ಗು ಅಂದರೆ ಕೆರೆ! ಒಂದರ ಕೋಡಿ ಬಿದ್ದರೆ ಇನ್ನೊಂದಕ್ಕೆ ನೀರು, ಅದು ತುಂಬಿದರೆ ಮುಂದಿನದಕ್ಕೆ. ಎಷ್ಟೋ ಕೆರೆಗಳು ವರ್ಷಗಟ್ಟಲೆ ಕೋಡಿ ಬೀಳುವುದೇ ಇಲ್ಲ. ಪರದೆಯ ಮೇಲೆ ಮಾತ್ರ ಎಲ್ಲ ಕೆರೆಯೂ ಸದಾ ತುಂಬಿ ಹರಿಯುತ್ತಿರುತ್ತದೆ. ಕೋಲಾರದ ಹುಡುಗ ಯೂರೋಪಿನ ಪಾಠವನ್ನು ಹಾಗೆಯೇ ಒಪ್ಪಿಸಿದರೆ ಅಂಕ ಬರಬಹುದು, ಅವನ ಊರಿನ ಹಳ್ಳದಲ್ಲಿ ಆ ನೀರು ಬರುವುದಿಲ್ಲ.

ಮಳೆಯಲ್ಲಿ ಎಷ್ಟು ಹರಿದು ಹೋಗುತ್ತದೆ ಎಂದು ಹೇಳುವ ‘ಕರ್ವ್ ನಂಬರ್’ ಲೆಕ್ಕದ್ದೂ ಇದೇ ಕಥೆ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ಅಲ್ಲಿನ ಚಿಕ್ಕ ಕೃಷಿ ಜಲಾನಯನಗಳ ಅಳತೆಯಿಂದ ಕಟ್ಟಿದ ವಿಧಾನ ಅದು. ನಮ್ಮಲ್ಲಿ ಎರೆ ನೆಲಕ್ಕೆ ಅದರ ಸೂತ್ರವನ್ನು ಬೇರೆ ಮಾಡಿಕೊಂಡಿದ್ದಾರೆ. ಕಾರಣ ಗದಗ, ಧಾರವಾಡದ ರೈತರಿಗೆ ಗೊತ್ತಿರುವುದೇ: ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆ ಮೊದಲ ಮಳೆಯನ್ನೆಲ್ಲ ಬಿರುಕಿನಲ್ಲಿ ನುಂಗುತ್ತದೆ, ಬಿರುಕು ಮುಚ್ಚಿಕೊಂಡ ಮೇಲೆ ನೀರನ್ನು ಇಂಗಿಸಿಕೊಳ್ಳದೆ ಹೊರಗೆ ಹಾಕುತ್ತದೆ. ಒಳ್ಳೆಯ ಮೇಷ್ಟ್ರು ಸೂತ್ರದ ಜೊತೆ ಅದರ ಹುಟ್ಟೂರನ್ನೂ ಹೇಳುತ್ತಾರೆ. ಆನ್‌ಲೈನ್ ಕೋರ್ಸಿನ ಗುಣಮಟ್ಟ ಅಳೆಯಲು ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಅರ್ಕಾವತಿಗೆ ಬರೋಣ. ಈ ನದಿ ಏಕೆ ಬತ್ತುತ್ತಿದೆ ಎಂದು ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಅವರು ಒಂದೇ ಕಾರಣ ಹಿಡಿದು ಹೊರಡಲಿಲ್ಲ. ಮಳೆ ಕಮ್ಮಿಯಾಯಿತೇ, ಬಿಸಿಲು ಏರಿತೇ, ಕೊಳವೆಬಾವಿಗಳೇ, ನೀಲಗಿರಿ ತೋಪುಗಳೇ, ಚೆಕ್‌ಡ್ಯಾಂ ಮತ್ತು ಬದುಗಳೇ ಎಂದು ಎಲ್ಲ ಶಂಕಿತರನ್ನೂ ಸಾಲಾಗಿ ನಿಲ್ಲಿಸಿ ವಿಚಾರಿಸಿದರು. ಮಳೆ, ತಾಪಮಾನಗಳ ಮೇಲೆ ತಪ್ಪು ಹೊರಿಸಲು ಆಧಾರ ಸಿಗಲಿಲ್ಲ. ಬೆರಳು ಹೋದದ್ದು ಅಂತರ್ಜಲ ಎತ್ತುವುದರತ್ತ, ನೀಲಗಿರಿಯತ್ತ, ಅವೆರಡಕ್ಕಿಂತ ಕಡಿಮೆ ಮಟ್ಟಿಗೆ ಹರಿವಿಗೆ ಹಾಕಿದ ಅಡ್ಡಗಟ್ಟೆಗಳತ್ತ. ಹವಾಮಾನ ಬದಲಾವಣೆ ಎಂದು ಆಕಾಶಕ್ಕೆ ಕೈ ತೋರಿಸಿ ಪಾರಾಗುವವರಿಗೆ ಈ ಉತ್ತರ ಅಷ್ಟು ಹಿತವಲ್ಲ. ಅಳತೆಯ ದಾಖಲೆ ಕಡಿಮೆ ಇರುವ ಕಡೆ ಹೇಗೆ ತರ್ಕ ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ನಮಗೆ ಬೇಕಿಲ್ಲ.

ಲ್ಯಾಪ್‌ಟಾಪ್ ಎಷ್ಟೇ ಕಲಿಸಿದರೂ ಅಳೆಯುವವರು ನೆಲದ ಮೇಲೆ ನಿಲ್ಲಲೇಬೇಕು. ಬಂಡೀಪುರದ ಮೂಲೆಹೊಳೆಯಲ್ಲಿ, ಆನೆ ಓಡಾಡುವ ಕಾಡಿನೊಳಗೆ, ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರೆಂಚ್ ಸಂಶೋಧಕರೂ ಸುಮಾರು ನಾಲ್ಕು ಚದರ ಕಿ.ಮೀ.ನ ಪುಟ್ಟ ಜಲಾನಯನವನ್ನು ವರ್ಷಗಳಿಂದ ಅಳೆದು, ಮರಗಳು ಶಿಥಿಲ ಬಂಡೆಯ ಆಳದ ಪದರದಿಂದಲೂ ನೀರೆಳೆಯುತ್ತವೆ ಎಂದು ಕಂಡುಕೊಂಡದ್ದು ಹಾಗೆ. ಆನ್‌ಲೈನ್ ವಿದ್ಯಾರ್ಥಿಗೆ ಇಂಥ ಸಲಕರಣೆ ಇಲ್ಲ, ನಿಜ. ಊರಿನ ಹಳ್ಳವಂತೂ ಇದೆ. ಹತ್ತು ಮೀಟರ್ ಅಳೆದು ಎರಡು ಗೂಟ ನೆಟ್ಟು, ಒಂದು ನಿಂಬೆಹಣ್ಣು ತೇಲಿಬಿಟ್ಟು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಇಪ್ಪತ್ತು ಸೆಕೆಂಡ್ ಅಂದರೆ ಸೆಕೆಂಡಿಗೆ ಅರ್ಧ ಮೀಟರ್ ವೇಗ. ತಳದಲ್ಲಿ ನೀರು ನಿಧಾನ, ಆದ್ದರಿಂದ 0.85ರಿಂದ ಗುಣಿಸಿ. ಎರಡು ಮೀಟರ್ ಅಗಲ, 30 ಸೆಂ.ಮೀ. ಆಳದ ಹಳ್ಳವಾದರೆ ಸೆಕೆಂಡಿಗೆ ಸುಮಾರು 255 ಲೀಟರ್ ಹರಿಯುತ್ತಿದೆ ಎಂದಾಯಿತು. ಒಂದು ಮುಂಗಾರಿನುದ್ದಕ್ಕೂ ಹೀಗೆ ಬರೆದಿಟ್ಟ ಒಂದು ನೋಟ್‌ಬುಕ್ ನಿಮ್ಮ ಹಳ್ಳದ ಬಗ್ಗೆ ಹೇಳುವುದನ್ನು ಯಾವ ಉಪಗ್ರಹವೂ ಹೇಳುವುದಿಲ್ಲ.

ವಿದೇಶಿ ಕೋರ್ಸಿಗೆ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮೊದಲು ಎರಡು ವಿಷಯ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಆ ಪದವಿ ಇಲ್ಲಿನ ಸರ್ಕಾರಿ ನೌಕರಿಗೆ, ಪಿಎಚ್‌.ಡಿ.ಗೆ ಮಾನ್ಯವೇ? ಪ್ರಬಂಧಕ್ಕೆ ನಿಮ್ಮೂರಿನ ನದಿಯನ್ನೇ ಆರಿಸಿಕೊಳ್ಳಲು ಬಿಡುತ್ತಾರೆಯೇ? ಎರಡನೆಯದಕ್ಕೆ ಇಲ್ಲ ಎಂದರೆ ದುಡ್ಡು ಉಳಿಸಿ, ಎನ್‌ಪಿಟಿಇಎಲ್ ಪಾಠದಿಂದ ಶುರುಮಾಡಿ.