ಮಾರಿಕಣಿವೆಯ ಕೋಡಿ, ಜಮೈಕಾದ ಬಾಳೆಹಡಗು

2022ರ ಸೆಪ್ಟೆಂಬರ್ ಮೊದಲ ವಾರ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ಅಣೆಕಟ್ಟೆ, ವಾಣಿವಿಲಾಸ ಸಾಗರ, ಕೋಡಿ ಬಿತ್ತು. ಅದಕ್ಕೂ ಹಿಂದಿನ ಕೋಡಿ 1933ರದು. ನಡುವೆ ಕಳೆದದ್ದು 89 ವರ್ಷ. ಅಜ್ಜನ ಬಾಯಲ್ಲಿ ಕೋಡಿಯ ಕತೆ ಕೇಳಿದ್ದ ಮೊಮ್ಮಕ್ಕಳೂ ಮುದುಕರಾಗಿ, ಆ ಕತೆ ಕಣಿವೆ ಮಾರಮ್ಮನ ಪವಾಡಗಳ ಜೊತೆಗೇ ಸೇರಿಹೋಗಿದ್ದ ಹೊತ್ತಿನಲ್ಲಿ ನೀರು ಕಲ್ಲಿನ ಅಂಚು ದಾಟಿ ಕೆಳಗಿಳಿಯಿತು. ಯಾರೂ ಯಾರಿಗೂ ಕರೆಯೋಲೆ ಕಳಿಸಬೇಕಾಗಲಿಲ್ಲ. ಬೈಕು, ಆಟೊ, ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಬುತ್ತಿ ಕಟ್ಟಿಕೊಂಡು ಜನ ಬಂದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಗಾಡಿಗಳು ಅವರ ಬೆನ್ನಿಗೇ ಬಂದವು. ಹರಿಯುವ ನೀರನ್ನು ನೋಡುವುದೊಂದೇ ಅಲ್ಲಿ ಕಾರ್ಯಕ್ರಮ. ಸಮುದ್ರದಿಂದ ಇಷ್ಟು ದೂರದ, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದಾದ ಈ ಬಯಲಿಗೆ ನೀರಿನ ದಂಡೆಯ ರಜೆ ಎಂಬುದು ಎಲ್ಲಿಂದ ಬಂತು? ಅದನ್ನು ಹುಡುಕುತ್ತ ಹೋದರೆ ಸಿಗುವುದು ನೀರಾವರಿ ಲೆಕ್ಕದ ಪುಸ್ತಕ. ಮೋಜಿನ ಯೋಜನೆ ಎಂಬುದು ಅದರ ಯಾವ ಪುಟದಲ್ಲೂ ಇಲ್ಲ. ಆದ್ದರಿಂದಲೇ, ಇಂದು ಈ ದಂಡೆಗೆ ರೆಸಾರ್ಟು ತರಬೇಕೆನ್ನುವವರು ಮೊದಲು ಈ ದಂಡೆ ಹುಟ್ಟಿದ ಬಗೆಯನ್ನು ತಿಳಿಯಬೇಕು ಎಂಬುದು ನನ್ನ ವಾದ.

1876-78ರ ಮಹಾಕ್ಷಾಮ ಮೈಸೂರು ಸೀಮೆಯನ್ನು ಹಿಂಡಿದ ಮೇಲೆ ಬರದ ಜಿಲ್ಲೆಗಳಲ್ಲಿ ನೀರು ಕೂಡಿಡುವ ಮಾತು ಅರಮನೆಯಿಂದ ಕಚೇರಿಯವರೆಗೆ ನಡೆಯುತ್ತಲೇ ಇತ್ತು. ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ವೇದಾ, ಅವತಿ ಎಂಬ ಎರಡು ಹೊಳೆಗಳಾಗಿ ಹುಟ್ಟಿ, ಕೂಡಿ ವೇದಾವತಿಯಾಗಿ, ಕಡೂರು, ಹೊಸದುರ್ಗ ದಾಟಿ ಬರುವ ನದಿ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ಸಂದಿಯಲ್ಲಿ ನುಸುಳುತ್ತದೆ. ಆ ಸಂದಿಗೆ ಗೋಡೆ ಹಾಕಿದರೆ ಸಾಕೆಂಬುದು ಯಾರ ಕಣ್ಣಿಗಾದರೂ ಕಾಣುವ ಸಂಗತಿ. ಆದರೆ ಅದೇ ನೀರು ಮುಂದೆ ಹಗರಿಯಾಗಿ ಮದ್ರಾಸ್ ಪ್ರಾಂತ್ಯಕ್ಕೆ ಹೋಗುತ್ತಿತ್ತು. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ನಡುವೆ ಆದ ಒಪ್ಪಂದದ ಚೌಕಟ್ಟಿನೊಳಗೇ ಇಂಥ ಕೆಲಸಗಳು ನಡೆಯಬೇಕಾಯಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಹತ್ತನೆಯ ಚಾಮರಾಜ ಒಡೆಯರ್ ತೀರಿಕೊಂಡು ಅವರ ರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಮಗನ ಪರವಾಗಿ ರಾಜ್ಯವಾಳುತ್ತಿದ್ದಾಗ, 1898ರ ಹೊತ್ತಿಗೆ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಕಲ್ಲು, ಸುಣ್ಣ, ಸುರ್ಕಿಯ ಕಟ್ಟಡ. ಹಿಡಿಯುವುದು 30 ಟಿಎಂಸಿ ನೀರು. ಮಟ್ಟ 130 ಅಡಿಗೆ ಬಂದರೆ ಪಕ್ಕದ ಕೋಡಿಯಿಂದ ತಾನೇ ಹೊರಹೋಗಬೇಕು, ಬಾಗಿಲೆತ್ತಿ ಬಿಡುವ ಏರ್ಪಾಡಿಲ್ಲ. ಅಣೆಕಟ್ಟೆಯ ಮೇಲೆ ನಿಲ್ಲಿಸಿದ ಅಂದದ ಮಂಟಪಗಳನ್ನು ಬಿಟ್ಟರೆ ಇಲ್ಲಿ ಯಾರನ್ನೂ ಖುಷಿಪಡಿಸುವ ಉದ್ದೇಶ ಯಾವ ಎಂಜಿನಿಯರಿಗೂ ಇರಲಿಲ್ಲ. ಹಿರಿಯೂರಿನ ನಾಲೆಗಳಿಗೆ ನೀರು, ಅಚ್ಚುಕಟ್ಟಿಗೆ ಬೆಳೆ, ಖಜಾನೆಗೆ ಕಂದಾಯ: ಲೆಕ್ಕ ಅಷ್ಟೇ.

ಇದೇ ವರ್ಷಗಳಲ್ಲಿ ಭೂಗೋಳದ ಇನ್ನೊಂದು ಮಗ್ಗುಲಲ್ಲಿ, ನಮ್ಮವರು ಕ್ರಿಕೆಟ್ ಕಾಮೆಂಟರಿಯಿಂದಷ್ಟೇ ಬಲ್ಲ ಜಮೈಕಾದಲ್ಲಿ, ಇಂದಿನ ಕಡಲತೀರದ ರಜೆ ಹೆಚ್ಚುಕಡಿಮೆ ಹೀಗೇ ಅಡ್ಡದಾರಿಯಿಂದ ಬಂತು. ಲೊರೆಂಜೊ ಡೌ ಬೇಕರ್ ಎಂಬ ಅಮೆರಿಕದ ಹಡಗಿನ ಕಪ್ತಾನ 1870ರ ಆಸುಪಾಸಿನಲ್ಲಿ ಜಮೈಕಾದ ಬಾಳೆಗೊನೆಗಳನ್ನು ಅಮೆರಿಕಕ್ಕೆ ಒಯ್ದು ಲಾಭ ಕಂಡ. ಅದೇ ವ್ಯಾಪಾರ ಬೆಳೆದು ಬಾಸ್ಟನ್ ಫ್ರೂಟ್ ಕಂಪನಿಯಾಯಿತು, 1899ರಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯೊಳಗೆ ಸೇರಿತು. ಬಾಳೆಕಾಯಿ ತರಲು ಹೋಗುವ ಹಡಗು ಬರಿದಾಗಿ ಹೋಗುವುದಕ್ಕಿಂತ ಚಳಿಗಾಲದ ಪ್ರಯಾಣಿಕರನ್ನು ತುಂಬಿಕೊಂಡು ಹೋಗಲಿ ಎಂಬ ವ್ಯಾಪಾರಿ ಬುದ್ಧಿಯೇ ಅಲ್ಲಿನ ಪ್ರವಾಸೋದ್ಯಮದ ಒಂದು ಬೇರು. ಬಂದವರು ಉಳಿಯಲಿ ಎಂದು ಪೋರ್ಟ್ ಆಂಟೋನಿಯೊದಲ್ಲಿ ಟಿಚ್‌ಫೀಲ್ಡ್ ಹೋಟೆಲ್ ಎದ್ದಿತು. ಮಾರಿಕಣಿವೆಯ ಗೋಡೆ ಮುಗಿಯುವುದಕ್ಕೆ ಒಂದು ವರ್ಷ ಮುಂಚೆ, 1906ರಲ್ಲಿ, ಮಾಂಟೆಗೊ ಬೇಯಲ್ಲಿ ಮೆಕ್‌ಕ್ಯಾಟಿ ಎಂಬ ವೈದ್ಯರು ತಮ್ಮ ಕಡಲತೀರವನ್ನು ಒಂದು ಸ್ನಾನದ ಕ್ಲಬ್ಬಿಗೆ ಬಿಟ್ಟುಕೊಟ್ಟರು. ಉಪ್ಪುನೀರಲ್ಲಿ ಮೀಯುವುದು ಮೈಗೆ ಒಳ್ಳೆಯದೆಂಬ ನಂಬಿಕೆಯ ಕಾಲ ಅದು. ಒಂದೆಡೆ ಬಾಳೆ, ಇನ್ನೊಂದೆಡೆ ಕಬ್ಬು ಭತ್ತ. ಎರಡೂ ಕಡೆ ಜನ ನೀರಿನ ಪಕ್ಕ ಕೂರಲು ಬಂದದ್ದು ಬೇರೆ ಯಾವುದೋ ದುಡಿಮೆಯ ಬೆನ್ನು ಹತ್ತಿ. ವ್ಯತ್ಯಾಸವೆಂದರೆ, ಅಲ್ಲಿ ಹಡಗಿನ ಮಾಲೀಕನೇ ಹೋಟೆಲಿನ ಮಾಲೀಕನೂ ಆದ. ಇಲ್ಲಿ ಅಂಥ ಮಾಲೀಕ ಹುಟ್ಟಲಿಲ್ಲ.

ಹುಟ್ಟಬಹುದಾಗಿದ್ದ ಒಂದು ಗಳಿಗೆ ಇತ್ತು. 1933ರಲ್ಲಿ ಮಾರಿಕಣಿವೆ ಮೊದಲ ಸಲ ತುಂಬಿ ಹರಿದಾಗ ಮೈಸೂರಿನ ದಿವಾನರು ಮಿರ್ಜಾ ಇಸ್ಮಾಯಿಲ್. ಕಟ್ಟಡದ ಜೊತೆಗೆ ಹೂದೋಟವನ್ನೂ ಕಣ್ಣಿಗೆ ಹಬ್ಬವಾಗುವಂತೆ ರೂಪಿಸುವ ಹವ್ಯಾಸದ ಆಡಳಿತಗಾರ. ಕನ್ನಂಬಾಡಿಯ ಕೆಳಗೆ 1927ರಲ್ಲಿ ಶುರುವಾದ ಬೃಂದಾವನ ಅದಾಗಲೇ 1932ಕ್ಕೆ ಸಿದ್ಧವಾಗಿತ್ತು. ಕೋಡಿ ಹರಿದ ಸುದ್ದಿ ತಲುಪಿದ ಮೇಲಾದರೂ ಇಲ್ಲೊಂದು ತೋಟ ಏಳಬಹುದಿತ್ತು. ಏಳಲಿಲ್ಲ. ಅರಮನೆಯ ಅತಿಥಿಗಳು ಮೈಸೂರಿಂದ ಸಂಜೆಯ ಹೊತ್ತಿಗೆ ಹೋಗಿಬರಬಹುದಾದ ಜಾಗ ಕನ್ನಂಬಾಡಿ; ಮಾರಿಕಣಿವೆ ಜಾಲಿಮುಳ್ಳಿನ ನಡುವಿನ ದೂರದ ಜಾಗ. ಜೊತೆಗೆ, ಕಾವೇರಿಯ ಕಟ್ಟೆ ತುಂಬುವಂತೆ ವೇದಾವತಿಯ ಕಟ್ಟೆ ತುಂಬುವುದಿಲ್ಲ. ಒಂದು ಮಳೆಗಾಲದ ನೀರಿಗೆ ಮೀರಿದ ಹೊಟ್ಟೆ ಇದರದು. ಒಳ್ಳೆಯ ವರ್ಷದ್ದನ್ನು ಕೆಟ್ಟ ವರ್ಷಕ್ಕೆ ಉಳಿಸಿಡುವ ಕಣಜ. ಮೇಲಿನ ಸೀಮೆಯಲ್ಲಿ ಕೆರೆಗಳು, ಆಮೇಲೆ ಚೆಕ್‌ಡ್ಯಾಮು, ಕೊಳವೆಬಾವಿಗಳು ಹೆಚ್ಚಿದಂತೆ ಬರುವ ನೀರೂ ಕುಗ್ಗಿತು. ಮುಂದಿನ ಹಲವು ದಶಕಗಳ ಕತೆ ಹೇಳಲು ಏನೂ ಇಲ್ಲ; ನೀರು ಏರಿತು, ಇಳಿಯಿತು, ಅಚ್ಚುಕಟ್ಟಿನವರು ಅರ್ಜಿ ಬರೆದರು. ಈ ಅನಾದರದ ಬಗ್ಗೆ ಜಿಲ್ಲೆಯವರಿಗೆ ಇರುವ ಸಿಟ್ಟು ನ್ಯಾಯವಾದದ್ದೇ. ಆದರೆ ಅದರಿಂದಲೇ ಒಂದು ಲಾಭವೂ ಆಯಿತು: ದಂಡೆ ಯಾರ ಸ್ವತ್ತೂ ಆಗದೆ ಉಳಿಯಿತು. ಮಾರಮ್ಮನಿಗೆ ಹರಕೆ ತೀರಿಸಲು ಬಂದವರು ಮೂರು ಕಲ್ಲಿಟ್ಟು ಒಲೆ ಹೂಡಿ, ಅಡುಗೆ ಮಾಡಿ, ಉಂಡು, ಅಣೆಕಟ್ಟೆಯ ಮೇಲೆ ಒಂದು ಸುತ್ತು ನಡೆದು ಮನೆಗೆ ಹೋಗುವ ರೂಢಿಗೆ ಟಿಕೆಟು ಬೀಳಲಿಲ್ಲ.

ಸುತ್ತಾಟದ ಭಾಗ ಇದಕ್ಕೆ ಅಂಟಿಕೊಂಡದ್ದು ಇನ್ನೊಂದು ದಿಕ್ಕಿನಿಂದ, ಅದೂ ಸಿನಿಮಾದ ದೆಸೆಯಿಂದ. ತಳುಕಿನ ತ.ರಾ.ಸು. ಬರೆದ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದರು. ಅದಕ್ಕೆ ಮುಂಚೆಯೂ ಚಿತ್ರದುರ್ಗದ ಕೋಟೆ ಇತ್ತು, ಮದಕರಿ ನಾಯಕನ ಕತೆಯಿತ್ತು, 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದದ್ದನ್ನು ಪಠ್ಯಪುಸ್ತಕ ಹೇಳುತ್ತಿತ್ತು. ಆದರೆ ಓಬವ್ವನಾಗಿ ಜಯಂತಿ ಒನಕೆ ಎತ್ತಿ ನಿಂತದ್ದನ್ನು ತೆರೆಯ ಮೇಲೆ ಕಂಡ ಮೇಲೆ ಆ ಬಂಡೆಯ ಕಿಂಡಿ ಇಡೀ ರಾಜ್ಯದ ಶಾಲಾ ಪ್ರವಾಸದ ಗುರಿಯಾಯಿತು. ಇಂದಿಗೂ ಕೋಟೆಯಲ್ಲಿ ಮಕ್ಕಳು ಮೊದಲು ಕೇಳುವುದು ಓಬವ್ವನ ಕಿಂಡಿ ಎಲ್ಲಿ ಎಂದೇ. ಕೋಟೆಗೆ ಬಂದ ಬಸ್ಸು ಚಂದ್ರವಳ್ಳಿಗೆ ಇಳಿಯುವುದು ಸಹಜ. ಮಯೂರಶರ್ಮನ ಶಾಸನವಿರುವ ಆ ಕೆರೆಯ ದಂಡೆಯಲ್ಲಿ 1929ರ ಹೊತ್ತಿಗೆ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಶಾತವಾಹನರ ಕಾಲದ ಅವಶೇಷಗಳು, ರೋಮಿನ ನಾಣ್ಯಗಳು ಸಿಕ್ಕಿದವು. ಎರಡು ಸಾವಿರ ವರ್ಷದ ಹಿಂದೆ ಸಮುದ್ರ ದಾಟಿದ ದುಡ್ಡು ಈ ಬಯಲಿಗೆ ಬಂದಿತ್ತೆಂಬುದನ್ನು ಮಕ್ಕಳಿಗೆ ಅಲ್ಲಿ ಯಾರಾದರೂ ನೆಟ್ಟಗೆ ಹೇಳುವ ಏರ್ಪಾಡು ಆಗಬೇಕು. ಅದು ಬೇರೆ ಮಾತು. ಸಂಜೆಗೆ ಮಾರಿಕಣಿವೆ. ಸಮಯವಿದ್ದರೆ ಜೋಗಿಮಟ್ಟಿ, ಹೊಳಲ್ಕೆರೆಯ ಬಯಲು ಗಣಪತಿ, ಹೊಸದುರ್ಗದ ಕಡೆ ಹಾಲುರಾಮೇಶ್ವರ, ನಾಟಕದ ಹುಚ್ಚಿರುವವರಿಗೆ ಸಾಣೇಹಳ್ಳಿಯ ಬಯಲು ರಂಗಮಂದಿರ. ಯಾವ ಕಂಪನಿಯೂ ಈ ದಾರಿಯನ್ನು ಗೀಟು ಹಾಕಿ ಕೊಡಲಿಲ್ಲ. ಮೇಷ್ಟ್ರುಗಳು, ಬಸ್ಸಿನ ಡ್ರೈವರುಗಳು, ಮನೆದೇವರಿಗೆ ಹೋಗುವ ಕುಟುಂಬಗಳು ಕಟ್ಟಿದ ದಾರಿ ಇದು.

2022ರ ಕೋಡಿ ಇದನ್ನೆಲ್ಲ ಒಮ್ಮೆಗೇ ಬೆಳಕಿಗೆ ತಂದಿತು. ಗುಡ್ಡದ ಮೇಲಿಂದ ನೋಡಿದರೆ ನೀರು ಭಾರತದ ನಕ್ಷೆಯಂತೆ ಕಾಣುತ್ತದೆಂಬ ಫೋಟೊಗಳು ಮೊಬೈಲಿಂದ ಮೊಬೈಲಿಗೆ ಹಾರಿದವು. ಬೃಂದಾವನದಂಥ ಉದ್ಯಾನ ಬೇಕು, ಬೋಟಿಂಗ್ ಬೇಕು, ರೆಸಾರ್ಟು ಬೇಕು ಎಂಬ ಹಳೆಯ ಬೇಡಿಕೆಗೆ ಹೊಸ ಜೀವ ಬಂತು. ಇಲ್ಲಿಯೇ ಕೆರಿಬಿಯನ್ ದ್ವೀಪಗಳ ಮುಂದಿನ ಕತೆ ಕೆಲಸಕ್ಕೆ ಬರುವುದು. ಬಾಳೆಹಡಗಿನ ಕಾಲ ಮುಗಿದು ವಿಮಾನದ ಕಾಲ ಬಂದಾಗ ಅಲ್ಲಿ ಬೆಳೆದದ್ದು ಒಂದೇ ದುಡ್ಡಿಗೆ ಊಟ, ಕುಡಿತ, ಕೋಣೆ, ಕಡಲು ಎಲ್ಲ ಸಿಗುವ ರೆಸಾರ್ಟು. ಎಲ್ಲಕ್ಕೂ ಮೊದಲೇ ದುಡ್ಡು ಕಟ್ಟಿ ಬಂದವನು ಗೇಟಿನ ಹೊರಗಿನ ಅಂಗಡಿಗೆ ಯಾಕೆ ಹೋದಾನು? ಹೋದರೂ ರೆಸಾರ್ಟಿನ ವ್ಯಾನಿನಲ್ಲಿ, ರೆಸಾರ್ಟು ಹೇಳಿದ ಜಲಪಾತಕ್ಕೆ, ಹೇಳಿದ ಅಂಗಡಿಗೆ. ಜಮೈಕಾದ 1956ರ ಕಡಲತೀರ ಕಾಯಿದೆ ತೀರವನ್ನು ಸರ್ಕಾರದ ವಶಕ್ಕೆ ಕೊಟ್ಟಿತೇ ಹೊರತು ಅಲ್ಲಿ ಹೋಗಿ ಮೀಯುವ ಸಾಮಾನ್ಯ ಹಕ್ಕನ್ನು ಜನರಿಗೆ ಕೊಡಲಿಲ್ಲ. ಸಮುದ್ರ ಸುತ್ತುವರಿದ ನಾಡಿನ ಮಕ್ಕಳು ಸಮುದ್ರಕ್ಕೆ ಇಳಿಯಲು ಇಂದಿಗೂ ಹೋರಾಡುತ್ತಿದ್ದಾರೆ. ಅಲ್ಲೇ ಆಚೆಯ ಬಾರ್ಬಡೋಸ್‌ನಲ್ಲಿ ಕಡಲತೀರಗಳೆಲ್ಲ ಸಾರ್ವಜನಿಕ. ಹೋಟೆಲುಗಳು ಅಲ್ಲೂ ಇವೆ, ವ್ಯಾಪಾರವೂ ನಡೆಯುತ್ತಿದೆ. ಅಂದಮೇಲೆ ದಂಡೆಯನ್ನು ಮುಚ್ಚಿದರೆ ಮಾತ್ರ ದುಡ್ಡು ಬರುತ್ತದೆಂಬ ಮಾತಿಗೆ ಆಧಾರವಿಲ್ಲ.

ಇದಕ್ಕೆ ಹಿರಿಯೂರಿನಿಂದಲೇ ಎದುರು ಮಾತು ಬರುತ್ತದೆ, ಅದರಲ್ಲಿ ಹುರುಳೂ ಇದೆ. ತೆರೆದ ದಂಡೆ ಎಂದರೆ ಈಗಿನ ಸ್ಥಿತಿಯಲ್ಲಿ ಪ್ಲಾಸ್ಟಿಕ್ ತಟ್ಟೆಗಳ ರಾಶಿ, ಬಾಟಲಿ ಚೂರು, ಹೆಂಗಸರಿಗೆ ಶೌಚಾಲಯವಿಲ್ಲದ ಇಡೀ ದಿನ, ಈಜು ಬಾರದೆ ನೀರಿಗಿಳಿಯುವ ಹುಡುಗರು. ಕಾಯುವ ಮಾಲೀಕನೊಬ್ಬ ಇದ್ದರೆ ಇವೆಲ್ಲ ಸರಿಹೋಗುತ್ತವೆ ಎನ್ನುತ್ತಾರೆ. ಆದರೆ ಶೌಚಾಲಯ, ಕಸದ ಗಾಡಿ, ಕಾವಲುಗಾರ ಇವು ಪಂಚಾಯಿತಿಯೂ ನೀರಾವರಿ ನಿಗಮವೂ ಮನಸ್ಸು ಮಾಡಿದರೆ ಆಗುವ ಕೆಲಸ. ಅವು ಇಲ್ಲದಿರುವುದು ದಂಡೆಯನ್ನು ಬಿಟ್ಟುಕೊಡಲು ಕಾರಣವಾಗಕೂಡದು. ಉದ್ಯೋಗದ ಪ್ರಶ್ನೆ ಇದಕ್ಕಿಂತ ಗಟ್ಟಿ. ಬೆಂಗಳೂರಿನ ದಾರಿ ಹಿಡಿದ ಹುಡುಗರಿಗೆ ಊರಲ್ಲೇ ಕೆಲಸ ಸಿಗುವುದಾದರೆ ಬೇಡವೆನ್ನಲು ಯಾರಿಗೂ ಬಾಯಿಲ್ಲ. ಆದರೆ ಕೆಲಸ ಎಷ್ಟು ಕೈಗಳಿಗೆ ಹಂಚುತ್ತದೆ ಎಂಬುದನ್ನು ನೋಡಬೇಕು. ಕೋಟೆ, ಚಂದ್ರವಳ್ಳಿ, ಹೊಳಲ್ಕೆರೆ, ಹಾಲುರಾಮೇಶ್ವರ ಎಂದು ಸುತ್ತುವವನು ಹತ್ತು ಕಡೆ ಕಾಫಿ ಕುಡಿಯುತ್ತಾನೆ, ನಾಲ್ಕು ಕಡೆ ಉಣ್ಣುತ್ತಾನೆ. ಗೇಟಿನೊಳಗೆ ಎರಡು ರಾತ್ರಿ ಕಳೆಯುವವನು ಒಂದೇ ಗಲ್ಲಾಕ್ಕೆ ಕೊಡುತ್ತಾನೆ. ಉಳಿದುಕೊಳ್ಳಲು ಹಿರಿಯೂರಿನಲ್ಲಿ, ದುರ್ಗದಲ್ಲಿ ವಸತಿ ಹೆಚ್ಚಲಿ, ಹಳ್ಳಿಮನೆಗಳಲ್ಲಿ ಕೋಣೆ ಸಿಗಲಿ. ನೀರಿನ ಅಂಚಿನಿಂದ ಅವು ದೂರ ಇರಲಿ, ಯಾಕೆಂದರೆ ದುರ್ಗದಿಂದ ಹಿಡಿದು ಹಿರಿಯೂರಿನವರೆಗೆ ನಲ್ಲಿಯಲ್ಲಿ ಬರುವುದು ಇದೇ ನೀರು. ಬೋಟಿನ ಡೀಸೆಲ್ಲು, ರೆಸಾರ್ಟಿನ ಚರಂಡಿ ಇವೆರಡರ ಮಾತು ಬಂದಾಗ ಕುಡಿಯುವವರ ಪಾತ್ರೆಯೂ ನೆನಪಿರಬೇಕು.

ಈ ಚರ್ಚೆಯಲ್ಲಿ ಬಾಯಿಲ್ಲದೆ ಉಳಿದವರು ಹಿನ್ನೀರಿನ ಕಡೆಯವರು. ಹಿರಿಯೂರಿಗೆ ಕೋಡಿ ಹಬ್ಬವಾದ ದಿನವೇ ಹೊಸದುರ್ಗ ತಾಲ್ಲೂಕಿನ ರೈತರ ತೆಂಗು, ಅಡಿಕೆಯ ಬುಡದಲ್ಲಿ ನೀರು ನಿಂತಿತ್ತು. ದಶಕಗಟ್ಟಲೆ ತುಂಬದ ಕಟ್ಟೆಯ ಮೇಲ್ಮಟ್ಟದ ಜಮೀನಿನಲ್ಲಿ ತೋಟ ಎದ್ದಿದ್ದವು, ರಸ್ತೆ ಬಂದಿದ್ದವು. ಕೋಡಿಯ ಎತ್ತರ ತಗ್ಗಿಸಿ ಎಂದು ಅವರು ಕೇಳಿದರು. ಒಂದು ಅಡಿಯನ್ನೂ ಬಿಡೆವು ಎಂದು ಅಚ್ಚುಕಟ್ಟಿನವರು ಹೇಳಿದರು. ಕಟ್ಟೆಯ ಜಾಗದಲ್ಲಿ ಸಾಗುವಳಿ ಮಾಡಿದ್ದು ನಿಮ್ಮದೇ ತಪ್ಪು ಎಂದು ಹೇಳಿ ಮುಗಿಸುವುದು ಸುಲಭ. 89 ವರ್ಷ ನೀರು ಕಾಣದ ನೆಲವನ್ನು ಮುಳುಗಡೆ ಭೂಮಿ ಎಂದು ಯಾವ ರೈತ ತಿಳಿದಾನು? ಮೇಲಾಗಿ ಈಗ ಲೆಕ್ಕವೇ ಬದಲಾಗಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ ವೇದಾವತಿಗೆ ಬಿಡುತ್ತಾರೆ. ಹಾಗೆ ಬಂದ ನೀರೂ ಸೇರಿ 2025ರ ಜನವರಿಯಲ್ಲಿ, ಮೋಡದ ಸುಳಿವಿಲ್ಲದ ಸಂಕ್ರಾಂತಿಯ ದಿನಗಳಲ್ಲಿ, ಕೋಡಿ ಮತ್ತೆ ಬಿತ್ತು. ಶತಮಾನಕ್ಕೊಮ್ಮೆಯ ಬೆರಗು ಪಂಪಿನ ಸ್ವಿಚ್ಚಿಗೆ ಬಂದು ನಿಂತಿದೆ. ಎಷ್ಟು ಅಡಿಗೆ ನಿಲ್ಲಿಸಬೇಕು, ಎಂದು ನಿಲ್ಲಿಸಬೇಕು ಎಂಬುದು ಇನ್ನು ದೇವರ ಕೈಯಲ್ಲಿಲ್ಲ, ಕಚೇರಿಯಲ್ಲಿದೆ. ದಂಡೆಯಿಂದ ಪ್ರವಾಸದ ಆದಾಯ ಬರುವುದೇ ಆದರೆ ಅದರ ಮೊದಲ ಪಾಲು ಹಿನ್ನೀರಿನ ಹಳ್ಳಿಗಳ ರಸ್ತೆಗೆ, ಸೇತುವೆಗೆ, ಮುಳುಗಿದ ತೋಟದ ಪರಿಹಾರಕ್ಕೆ ಹೋಗಲಿ. ಮೀನು ಹಿಡಿಯುವ, ದೋಣಿ ನಡೆಸುವ, ಬಂದವರಿಗೆ ರೊಟ್ಟಿ ಬಡಿಯುವ ಕೆಲಸದ ಗುತ್ತಿಗೆಯನ್ನು ಹೊರಗಿನ ಟೆಂಡರುದಾರರಿಗೆ ಕೊಡುವ ಮುಂಚೆ ಆ ಹಳ್ಳಿಗಳ ಸಂಘಗಳನ್ನು ಕೇಳಲಿ.